ಜ್ವರದ ಮನೆಯ ಸಾಕ್ಷಿ

ನನ್ನ ದನಿಯನ್ನು ನಂಬಬೇಡಿ ಎಂದು ಊರೂರು ತಿರುಗಿ ಹೇಳಿ ಬಂದವಳು ಇಂದ್ರಾಣಿಯೇ. ಹಾಗಾಗಿ ಆ ಮಂಗಳವಾರ ಮಧ್ಯಾಹ್ನ ಅವಳ ದನಿಯನ್ನು ಒಬ್ಬರೂ ನಂಬದೆ ಹೋದಾಗ, ಬೈಯೋಣವೆಂದರೆ ಅವಳಿಗೆ ಬೇರೆ ಯಾರೂ ಸಿಗಲಿಲ್ಲ.

ಕನಕಪುರದ ಕಡೆಯ ಹೊನ್ನಿಗನದೊಡ್ಡಿಯಲ್ಲಿ ಅವಳದು ಚಾಕಿ ಕೇಂದ್ರ. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದಾಗ ಇರುವೆಗಿಂತ ಸಣ್ಣದು. ಆ ಎಳೆಯ ಹುಳುಗಳಿಗೆ ಎಳೆ ಸೊಪ್ಪನ್ನೇ ಸಣ್ಣಗೆ ಹೆಚ್ಚಿ ಹಾಕಿ, ಬಿಸಿ ತಂಪು ನೋಡಿಕೊಂಡು, ಒಂದಿಷ್ಟು ಗಟ್ಟಿಯಾಗುವ ತನಕ ಸಾಕಿ ರೈತರ ಕೈಗೆ ಒಪ್ಪಿಸುವುದು ಚಾಕಿ ಕೇಂದ್ರದ ಕೆಲಸ. ಆಮೇಲೆ ಗೂಡು ಕಟ್ಟಿಸುವುದು, ಮಾರುಕಟ್ಟೆಗೆ ಒಯ್ಯುವುದು ಎಲ್ಲ ರೈತರ ಪಾಡು. ಸುತ್ತಮುತ್ತಲಿನ ನಲವತ್ತು ಚಿಲ್ಲರೆ ಮನೆಗಳಿಗೆ ಹುಳು ಹೋಗುತ್ತಿದ್ದದ್ದು ಇಂದ್ರಾಣಿಯ ತಟ್ಟೆಗಳಿಂದಲೇ.

ಹುಳು ಬೆಳೆಯಬೇಕಾದರೆ ಚರ್ಮ ಕಳಚಬೇಕು. ಕಳಚುವ ಮುಂಚೆ ಅದು ಮೇವು ಬಿಟ್ಟು, ತಲೆ ಮೇಲೆತ್ತಿ, ಧ್ಯಾನಕ್ಕೆ ಕೂತವರ ಹಾಗೆ ಅಲುಗಾಡದೆ ಕೂತುಬಿಡುತ್ತದೆ. ಇದಕ್ಕೆ ರೈತರು ಜ್ವರ ಎನ್ನುತ್ತಾರೆ, ಕಾಯಿಲೆಯೇನಲ್ಲ. ಎರಡನೇ ಜ್ವರದಿಂದ ಎದ್ದ ಹುಳುವನ್ನು ಬೆಳಗಿನ ತಂಪಿನಲ್ಲೇ ರೈತರು ಬಂದು ಒಯ್ಯಬೇಕು. ಯಾಕೆಂದರೆ ಎದ್ದ ಹುಳುವಿನ ಹಸಿವು ಅಂತಿಂಥದ್ದಲ್ಲ, ಕೇಂದ್ರದ ಸಣ್ಣ ತೋಟದ ಸೊಪ್ಪು ಅದಕ್ಕೆ ಒಂದು ಹೊತ್ತು ಮುಟ್ಟಿದರೆ ಹೆಚ್ಚು. ಜ್ವರ ಯಾವಾಗ ಬಿಡುತ್ತದೆ ಎನ್ನುವುದು ಹವೆಯ ಮೇಲೆ ಹೋಗುವುದರಿಂದ ದಿನವನ್ನು ಮೊದಲೇ ಹೇಳಲಾಗುವುದಿಲ್ಲ. ಹಿಂದಿನ ದಿನ ಒಂದು ಸಂದೇಶ ಹೋಗಬೇಕು: ನಿಮ್ಮ ಹುಳು ನಾಳೆ ಬೆಳಿಗ್ಗೆ ಸಿದ್ಧ, ತಂಪಿರುವಾಗಲೇ ಬನ್ನಿ.

ಆ ಸಂದೇಶವೇ ಮಂಗಳವಾರ ಹೋಗಲಿಲ್ಲ. ಇಂದ್ರಾಣಿ ಗುಂಡಿ ಒತ್ತಿದ ಕೂಡಲೇ ಫೋನು ಕೆಂಪಗಾಗಿ, ಈ ಹೆಸರಿನ ಸಂಸ್ಥೆಯ ಗುರುತು ಖಚಿತವಾಗಿಲ್ಲ, ಸಂದೇಶವನ್ನು ಹೆಬ್ಬಾಗಿಲಲ್ಲಿ ತಡೆಹಿಡಿಯಲಾಗಿದೆ ಎಂದಿತು. ಮತ್ತೆ ಒತ್ತಿದಳು. ಮತ್ತೆ ಅದೇ ಮಾತು.

ಅವಳು ಚನ್ನಿಗಪ್ಪನಿಗೆ ಫೋನು ಮಾಡಿದಳು. ಚನ್ನಿಗಪ್ಪ ಅವಳ ಅತ್ಯಂತ ಹಳೆಯ ಗಿರಾಕಿ, ಒಳ್ಳೆಯ ಮನುಷ್ಯ. ಹುಳು ನಾಳೆ ಏಳುತ್ತವೆ ಬನ್ನಿ ಎಂದರೆ ಅವನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡ.

"ನೀವು ಯಾರೋ ಏನೋ ನಂಗೊತ್ತಿಲ್ಲ ತಾಯಿ," ಅಂದ. "ದನಿ ನಮ್ಮಕ್ಕಂದೇ ಇದ್ದಂಗದೆ. ಆದ್ರೆ ನಮ್ಮಕ್ಕನೇ ಹೇಳವ್ಳೆ, ನನ್ನ ದನಿ ಬಂದ್ರೂ ನಂಬಬ್ಯಾಡಿ, ಸಾಕ್ಷಿ ಗುರುತಿರೋ ಮೆಸೇಜು ಬಂದ್ರೇ ಬನ್ನಿ ಅಂತ. ಇಡ್ತೀನಿ."

ಇನ್ನೂ ಮೂವರಿಗೆ ಮಾಡಿ ನೋಡಿದಳು. ಒಬ್ಬ ಇಟ್ಟ, ಒಬ್ಬಳು ಬೈದಳು, ಇನ್ನೊಬ್ಬ ಪೊಲೀಸರಿಗೆ ಹೇಳುತ್ತೇನೆ ಅಂದ. ಪಾಠ ಹೇಳಿಕೊಟ್ಟಿದ್ದನ್ನು ಮಕ್ಕಳು ಇಷ್ಟು ಚೆನ್ನಾಗಿ ಕಲಿತರೆ ಮೇಷ್ಟರಿಗೆ ಸಂತೋಷವಾಗಬೇಕು. ಇಂದ್ರಾಣಿಗೆ ಅಳು ಬಂತು.

ಅವಳು ಹಾಗೆ ಪಾಠ ಹೇಳಿದ್ದಕ್ಕೂ ಕಾರಣವಿತ್ತು. ಯಾರ ಮುಖ ಬೇಕಾದರೂ, ಯಾರ ಸಹಿ ಬೇಕಾದರೂ, ಯಾರ ದನಿ ಬೇಕಾದರೂ ಯಂತ್ರ ಚಿಟಿಕೆ ಹೊಡೆಯುವುದರೊಳಗೆ ಹೆಣೆದು ಕೊಡುವ ಕಾಲವದು. ಹೋದ ವರ್ಷ ಯಾವನೋ ಪುಣ್ಯಾತ್ಮ ಇಂದ್ರಾಣಿಯ ದನಿ ಮಾಡಿಸಿ, ಅವಳ ಕೇಂದ್ರದ ಹೆಸರಲ್ಲಿ ಸಂದೇಶವನ್ನೂ ಕಳಿಸಿ, ಹುಳುವಿಗೆ ರೋಗ ತಗುಲಿದೆ, ಎಲ್ಲ ಸುಟ್ಟೆವು, ಇಂಥ ಕಡೆ ಬೇರೆ ಹುಳು ಸಿಗುತ್ತದೆ ಹೋಗಿ ಎಂದುಬಿಟ್ಟಿದ್ದ. ರೈತರು ನಂಬಿ ಹೋದರು. ಅಲ್ಲಿ ಕೊಂಡ ಹುಳು ನಾಲ್ಕು ದಿನಕ್ಕೆ ಕರಗಿ ನೀರಾಯಿತು. ಇಲ್ಲಿ ಇಂದ್ರಾಣಿಯ ಆರೋಗ್ಯದ ಹುಳುಗಳು ತಟ್ಟೆಯಲ್ಲೇ ಸೊಪ್ಪಿಲ್ಲದೆ ತಲೆಯಾಡಿಸಿ ತಲೆಯಾಡಿಸಿ ಸತ್ತವು. ಅವನ್ನು ಗುಂಡಿಗೆ ಸುರಿದ ದಿನ ಅವಳ ಅತ್ತೆ ಹೊಂಬಾಳಮ್ಮ ಊಟ ಮುಟ್ಟಲಿಲ್ಲ. ಅರ್ಧದಷ್ಟು ಗಿರಾಕಿಗಳು ಅವತ್ತೇ ಕಳಚಿಕೊಂಡರು. ಉಳಿದವರು ಇನ್ನೊಂದು ಸಲ ಇಂಥದ್ದಾದರೆ ಬರುವವರಲ್ಲ, ತಟ್ಟೆಗಳನ್ನು ಮಾರಿ ಬಾಗಿಲು ಹಾಕಬೇಕಾದೀತು ಎಂದು ಗಂಡ ಮರಿಸ್ವಾಮಿ ಮೆತ್ತಗೆ ಹೇಳಿದ್ದ. ಈಗ ನಾಳೆಯ ಹುಳು ಕೆಟ್ಟರೆ ಅದೇ ಇನ್ನೊಂದು ಸಲ.

ಅಂಥ ಮೋಸಕ್ಕೆ ಮದ್ದಾಗಿಯೇ ಸಾಕ್ಷಿ ಬಂದದ್ದು. ಕಾಗದಪತ್ರ ತೋರಿಸಿ ನಾನು ಇಂಥ ವ್ಯಾಪಾರದವನು ಎಂದರೆ ಸಾಲದು, ಕಸುಬೇ ಸಾಕ್ಷಿ ಹೇಳಬೇಕು ಎನ್ನುವುದು ಅದರ ಹಿಂದಿನ ತರ್ಕ. ಅರ್ಧ ತೆಂಗಿನಕಾಯಿಯಷ್ಟು ದಪ್ಪದ ಒಂದು ಬಿಲ್ಲೆ. ಅದನ್ನು ಕೆಲಸದ ಜಾಗದ ಗೋಡೆಗೆ ತೂಗುಹಾಕುತ್ತಾರೆ. ಓಡಾಟ, ಫ್ಯಾನು, ನೀರು, ಕತ್ತಿ, ಮಾತಿನ ಗುಜುಗುಜು, ಗೋಡೆಯ ನಡುಕ ಎಲ್ಲವನ್ನೂ ಅದು ದಿನಗಟ್ಟಲೆ ಕೇಳಿ ಕಲಿಯುತ್ತದೆ. ಮಿಲ್ಲಿನ ಉಸಿರು ಬೇರೆ, ಬೇಕರಿಯ ಉಸಿರು ಬೇರೆ. ಎರಡು ಬೇಕರಿಗಳ ಉಸಿರೂ ಒಂದೇ ಅಲ್ಲ. ಯಾರಾದರೂ ವ್ಯಾಪಾರದ ಸಂದೇಶ ಕಳಿಸಿದರೆ ಅದು ಮೊದಲು ಹೆಬ್ಬಾಗಿಲೆಂಬ ಕಚೇರಿಯಲ್ಲಿ ನಿಲ್ಲುತ್ತದೆ. ಆ ಹೆಸರಿನ ಕಸುಬು ಆ ಜಾಗದಲ್ಲಿ ಈಗಲೂ ಉಸಿರಾಡುತ್ತಿದೆ ಎಂದು ಸಾಕ್ಷಿ ಹೇಳಿದರೆ ಬಾಗಿಲು ತೆರೆಯುತ್ತದೆ. ಸದ್ದನ್ನು ಮುದ್ರಿಸಿ ಕೇಳಿಸಿದರೆ ಆಗದೇ ಎಂದು ಇಂದ್ರಾಣಿಯೂ ಕೇಳಿದ್ದಳು. ಆಗುವುದಿಲ್ಲವಂತೆ. ಕರೆಂಟಿನ ತಂತಿಯಲ್ಲಿ ಒಂದು ಗುಂಯ್‌ಗುಡುವಿಕೆ ಸದಾ ಇರುತ್ತದೆ, ಅದು ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಏರಿಳಿಯುತ್ತದೆ, ಆ ಏರಿಳಿತ ನಾಡಿನ ಉದ್ದಕ್ಕೂ ಒಂದೇ. ನಿನ್ನೆಯ ಸದ್ದನ್ನು ಇವತ್ತು ಕೇಳಿಸಿದರೆ ಅದರೊಳಗೆ ನಿನ್ನೆಯ ಗುಂಯ್ ಇರುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ.

ಇಂದ್ರಾಣಿ ತಾನೇ ಮುಂದೆ ನಿಂತು ಅರ್ಜಿ ಹಾಕಿ ಸಾಕ್ಷಿ ತರಿಸಿದ್ದಳು. ಅದು ಬಂದ ಮೇಲೆ ಸಾಕಿದ ಮೊದಲ ತಂಡವೇ ಇದು. ಅದನ್ನು ಚಾಕಿ ಮನೆಯೊಳಗೆ ತೂಗುಹಾಕಿದ ದಿನ ಹೊಂಬಾಳಮ್ಮ ಅದಕ್ಕೂ ಬ್ಲೀಚಿಂಗ್ ಪುಡಿಯ ನೀರಿನ ಬಟ್ಟೆಯಲ್ಲಿ ಮೈ ಒರೆಸಿಯೇ ಒಳಗೆ ಬಿಟ್ಟಿದ್ದಳು. ಹೊರಗಿನಿಂದ ಯಾರೇ ಬರಲಿ, ಕಾಲು ತೊಳೆಯದೆ ಆ ಬಾಗಿಲು ದಾಟುವಂತಿರಲಿಲ್ಲ.

ಇದ್ದಬದ್ದ ಯೋಚನೆಗಳನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಇಂದ್ರಾಣಿ ಹೆಬ್ಬಾಗಿಲಿನ ಕಚೇರಿಯಿರುವ ರಾಮನಗರದ ಬಸ್ಸು ಹತ್ತಿದಳು. ಗಂಡ ಮುಂದಿನ ತಂಡದ ಮೊಟ್ಟೆ ತರಲು ಮೈಸೂರಿಗೆ ಹೋಗಿದ್ದ. ಹುಳು ಜ್ವರಕ್ಕೆ ಕೂತಿದ್ದರಿಂದ ಕೆಲಸದ ಹೆಂಗಸರಿಗೆಲ್ಲ ರಜೆ. ಚಾಕಿ ಮನೆಯಲ್ಲಿ ಅತ್ತೆಯೊಬ್ಬಳೇ ಬಾಗಿಲು ಮುಚ್ಚಿಕೊಂಡು ಕಾವಲು ಕೂತಿದ್ದಳು. ಜ್ವರ ಬಿಡುವ ತನಕ ಅವಳು ಹೊರಗೆ ಬರುವವಳೂ ಅಲ್ಲ, ಇನ್ನೊಬ್ಬರನ್ನು ಒಳಗೆ ಬಿಡುವವಳೂ ಅಲ್ಲ. ರೈತರು ಯಾರಾದರೂ ತಿರುಗಿ ಫೋನು ಮಾಡಿದರೆ ಇರಲಿ ಎಂದು ಕೇಂದ್ರದ ಫೋನನ್ನು ಇಂದ್ರಾಣಿ ಬಾಗಿಲ ಸಂದಿಯಿಂದ ಅವಳ ಕೈಗೆ ದಾಟಿಸಿದ್ದಳು. ಅದು ಬಡಿದುಕೊಳ್ಳುವ ಫೋನಲ್ಲ, ಸೊಂಟದಲ್ಲಿ ಸುಮ್ಮನೆ ನಡುಗುವಂಥದ್ದು. ಸಂಜೆ ದೀಪ ಹಚ್ಚುವ ಹೊತ್ತಾದ ಮೇಲೆ ವ್ಯಾಪಾರದ ಸಂದೇಶಗಳಿಗೆ ಹೆಬ್ಬಾಗಿಲು ಹೇಗೂ ಮುಚ್ಚುತ್ತದೆ. ಅಷ್ಟರೊಳಗೆ ಏನಾದರೂ ಆಗಬೇಕಿತ್ತು.

ಹೆಬ್ಬಾಗಿಲಿನ ಕಚೇರಿ ಅವಳು ಅಂದುಕೊಂಡಷ್ಟು ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಗೋಡೆ ತುಂಬ ಪರದೆಗಳು, ಪರದೆ ತುಂಬ ಹಸಿರು ಅಲೆಗಳು. ಒಂದೊಂದು ಅಲೆಯ ಕೆಳಗೆ ಒಂದೊಂದು ಹೆಸರು: ಹಿಟ್ಟಿನ ಗಿರಣಿ, ಕ್ಷೌರದಂಗಡಿ, ಔಷಧದಂಗಡಿ, ಕಲ್ಯಾಣ ಮಂಟಪ. ನೋಡಿಕೊಳ್ಳುವ ಅಧಿಕಾರಿ ಫರ್ಹಾನಾ ಎಂಬ ಮೂವತ್ತರ ಹೆಂಗಸು. ಅವಳ ತಂದೆ ಇದೇ ಊರಿನಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದವರಂತೆ. ನನಗೆ ಗೂಡು ಗೊತ್ತು, ಹುಳು ಗೊತ್ತಿಲ್ಲ ಎಂದು ಮೊದಲೇ ಹೇಳಿಬಿಟ್ಟಳು. ಇಂದ್ರಾಣಿಗೆ ಆ ಮಾತು ಹಿಡಿಸಿತು.

ಫರ್ಹಾನಾ ಹೆಸರು ಒತ್ತಿದಳು. ಉಳಿದ ಅಲೆಗಳು ಕುಣಿಯುತ್ತಿದ್ದರೆ ಹೊನ್ನಿಗನದೊಡ್ಡಿಯ ಅಲೆ ಮಲಗಿಕೊಂಡಿತ್ತು. ನಿನ್ನೆಯಿಂದ ಅಲ್ಲಿ ಕೆಲಸವೇ ನಡೆದಿಲ್ಲ, ಸಾಕ್ಷಿ ಅದನ್ನು ಮುಚ್ಚಿಹೋದ ಸಂಸ್ಥೆ ಎಂದು ತಿಳಿದಿದೆ ಎಂದಳು. ಕಳ್ಳರು ಮಾಡುವುದೂ ಹೀಗೆಯಂತೆ: ಒಂದು ಕೋಣೆ ಬಾಡಿಗೆಗೆ ಹಿಡಿದು, ಒಂದು ವಾರ ನಿಜವಾಗಿಯೇ ಗಿರಣಿ ಓಡಿಸಿ, ಗುರುತು ಸಿಕ್ಕ ಮೇಲೆ ಬೀಗ ಜಡಿದು ಸಂದೇಶ ಕಳಿಸಲು ಶುರು ಮಾಡುತ್ತಾರೆ. ಎಚ್ಚರಿಕೆಯ ಸಂದೇಶ ಬೆಳಿಗ್ಗೆಯೇ ನಿಮಗೆ ಬಂದಿರಬೇಕಲ್ಲ ಎಂದು ಕೇಳಿದಳು. ಬಂದಿತ್ತು. ಗೊತ್ತಿಲ್ಲದ ನಂಬರಿನಿಂದ ಬಂದದ್ದೆಂದು ಇಂದ್ರಾಣಿ ಅಳಿಸಿಹಾಕಿದ್ದಳು. ಇದನ್ನು ಕೇಳಿ ಫರ್ಹಾನಾ, ಒಳ್ಳೆಯ ಕೆಲಸವನ್ನೇ ಮಾಡಿದಿರಿ ಎಂದಳು.

ಪರಿಹಾರವೂ ಸುಲಭದ್ದೇ ಇತ್ತು. ಮನೆಗೆ ಹೇಳಿ ಫ್ಯಾನು ಹಾಕಿಸಿ, ಸೊಪ್ಪು ಹೆಚ್ಚುವ ಯಂತ್ರ ಓಡಿಸಿ, ನಾಲ್ಕು ಜನ ಎಂದಿನಂತೆ ಓಡಾಡಲಿ, ಒಂದು ಗಂಟೆಯಲ್ಲಿ ಅಲೆ ಎದ್ದುಕೊಳ್ಳುತ್ತದೆ, ಬಾಗಿಲು ತಾನಾಗಿ ತೆರೆಯುತ್ತದೆ.

ಜ್ವರಕ್ಕೆ ಕೂತ ಹುಳುವಿನ ಮನೆಯಲ್ಲಿ ಸದ್ದು ಮಾಡುವುದಿರಲಿ, ಗೋಡೆಯ ಕ್ಯಾಲೆಂಡರ್ ಗಾಳಿಗೆ ಅಲುಗಿದರೂ ಅತ್ತೆ ಅದನ್ನು ಕಿತ್ತು ಒಳಗಿಡುತ್ತಿದ್ದಳು. ಹುಳುವಿನ ಹಾಸಿಗೆ ಒಣಗಿರಲಿ ಎಂದು ಸುಣ್ಣದ ಪುಡಿ ಉದುರಿಸಿ, ಕಿಟಕಿ ಮರೆಮಾಡಿ, ಮೇವು ನಿಲ್ಲಿಸಿ, ಕೈಕಟ್ಟಿ ಕೂರುವುದೇ ಆ ಹೊತ್ತಿನ ಕೆಲಸ. ಅಲುಗಾಡಿಸಿದರೆ ಕೆಲವು ಚರ್ಮ ಕಳಚುತ್ತವೆ, ಕೆಲವು ಅರ್ಧಕ್ಕೇ ಸಿಕ್ಕಿಕೊಂಡು ಸಾಯುತ್ತವೆ, ಉಳಿದವು ಏರುಪೇರಾಗಿ ಎದ್ದು ಯಾವ ರೈತನಿಗೂ ಬೇಡವಾಗುತ್ತವೆ. ಸದ್ದು ಮಾಡಿದರೆ ಹುಳು ಹಾಳು, ಮಾಡದಿದ್ದರೆ ಸಂದೇಶ ಹೋಗದೆ ನಾಳೆ ಹಸಿವಿನಿಂದ ಹಾಳು. ನಮ್ಮ ಮನೆ ಬದುಕಿದೆ ಎಂದು ತೋರಿಸಲು ಅದರ ಕತ್ತು ಹಿಸುಕಬೇಕು ಅಂತೀರಲ್ಲ ಮೇಡಂ ಎಂದು ಅವಳು ಕೇಳಿದಳು.

ಫರ್ಹಾನಾ ಅಲ್ಲಗಳೆಯಲಿಲ್ಲ. ನಾನು ನಿಮ್ಮನ್ನು ನಂಬುತ್ತೇನೆ, ಆದರೆ ನನ್ನ ಮುಂದೆ ಈ ಕುರ್ಚಿಯಲ್ಲಿ ಕೂತು ಅತ್ತವರಲ್ಲಿ ಕಳ್ಳರೂ ಇದ್ದರು, ಅದಕ್ಕೇ ತೆರೆಯುವ ಅಧಿಕಾರವನ್ನು ನನ್ನ ಕೈಗೆ ಕೊಟ್ಟಿಲ್ಲ ಎಂದಳು. ಆಮೇಲೆ ಪರದೆಯ ಹತ್ತಿರ ಬಾಗಿ, ಹುಬ್ಬು ಗಂಟಿಕ್ಕಿ, ಇನ್ನೊಂದು ವಿಷಯ ಹೇಳಿದಳು. ಬರೀ ಮೌನವಲ್ಲ. ಸಾಕ್ಷಿ ತೂಗುಹಾಕಿದ ಜಾಗದಲ್ಲೂ ಇಲ್ಲ. ಬಿಲ್ಲೆ ಬೆಚ್ಚಗಿದೆ, ಮೈಶಾಖದಷ್ಟು ಬೆಚ್ಚಗೆ. ಯಾರೋ ಅದನ್ನು ಕಿತ್ತು ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡಿದ್ದಾರೆ. ಕದ್ದವರು ಮಾತ್ರ ಹೀಗೆ ಮಾಡುತ್ತಾರೆ.

ಇಂದ್ರಾಣಿಗೆ ಹುಳು ಮರೆತುಹೋಯಿತು. ಆ ಮುಚ್ಚಿದ ಮನೆಯಲ್ಲಿ ಎಪ್ಪತ್ತು ದಾಟಿದ ಮುದುಕಿ ಒಬ್ಬಳೇ ಇದ್ದಾಳೆ, ಅಲ್ಲಿಗೆ ಕಳ್ಳ ನುಗ್ಗಿದ್ದಾನೆ. ಬೆಳಿಗ್ಗೆಯಿಂದ ಅತ್ತೆಯ ಮುಖ ನೋಡಿಲ್ಲ, ಬಾಗಿಲ ಸಂದಿಯಲ್ಲಿ ಕಂಡದ್ದು ಒಂದು ಕೈ ಮಾತ್ರ ಎಂದು ನೆನಪಾಯಿತು. ಕೇಳಿಸಿ ಮೇಡಂ, ಅಲ್ಲಿ ಏನು ಕೇಳುತ್ತದೋ ಅದನ್ನು ಕೇಳಿಸಿ ಎಂದು ಮೇಜು ಹಿಡಿದುಕೊಂಡಳು.

ಫರ್ಹಾನಾ ಸದ್ದನ್ನು ಹಿಗ್ಗಿಸಿ ಕೋಣೆಗೆ ಬಿಟ್ಟಳು. ಮೊದಲು ಎದೆಬಡಿತ. ಹತ್ತಿರದಲ್ಲೇ, ಎದೆಗೆ ಕಿವಿ ಹಚ್ಚಿದಂತೆ, ನಿಧಾನವಾಗಿ, ಅವಸರವಿಲ್ಲದೆ. ಅದರ ಹಿಂದೆ ಉಸಿರು. ಉಸಿರು ಒಳಗೆ ಹೋಗುವಾಗ ಸದ್ದಿಲ್ಲ, ಹೊರಗೆ ಬರುವಾಗ ಮಾತ್ರ ತುದಿಯಲ್ಲಿ ಒಂದು ಸಣ್ಣ ಸಿಳ್ಳೆ.

ಇಂದ್ರಾಣಿ ಕುರ್ಚಿಗೆ ಕುಸಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹದಿನೆಂಟು ವರ್ಷ ಪಕ್ಕದ ಚಾಪೆಯಲ್ಲಿ ಮಲಗಿ ಕೇಳಿದ ಸಿಳ್ಳೆ ಅದು. ಅದರ ಹಾವಳಿಗೆ ಅವಳು ಎಷ್ಟು ಸಲ ದಿಂಬು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಮಲಗಿದ್ದಾಳೋ ಲೆಕ್ಕವಿಲ್ಲ. ಈಗ ಅದಕ್ಕಿಂತ ಇಂಪಾದ ಸದ್ದು ಲೋಕದಲ್ಲಿ ಇಲ್ಲ ಅನ್ನಿಸಿತು.

"ಕಳ್ಳ ಅಲ್ಲ ಮೇಡಂ," ಅಂದಳು. "ನಮ್ಮತ್ತೆ."

ಏನಾಗಿದೆ ಎನ್ನುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಾಯಿತು. ಮೊದಲ ಜ್ವರದಲ್ಲೇ ಹೊಂಬಾಳಮ್ಮ ಗೊಣಗಿದ್ದಳು. ಆ ಬಿಲ್ಲೆಯಲ್ಲಿ ಒಂದು ಹಸಿರು ದೀಪ ಮಿಣುಕುತ್ತದೆ, ಆಗಾಗ ಟಿಕ್ ಅನ್ನುತ್ತದೆ, ಅದರ ಕೆಳಗಿನ ತಟ್ಟೆಯ ಹುಳು ತಡವಾಗಿ ಎದ್ದಿವೆ ಎಂದು. ಇಂದ್ರಾಣಿ ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಈ ಸಲ ಅತ್ತೆ ಮಾತಾಡಲು ಹೋಗದೆ ಬಿಲ್ಲೆಯನ್ನು ಇಳಿಸಿ, ಕಂಬಳಿಯಲ್ಲಿ ಸುತ್ತಿ, ಮಡಿಲಲ್ಲಿ ಎದೆಗೆ ಆನಿಸಿಕೊಂಡು ಕೂತಿದ್ದಾಳೆ. ಹುಳುವಿನ ಜೊತೆಗೆ ಅದನ್ನೂ ಮಲಗಿಸಿದ್ದಾಳೆ.

ಫರ್ಹಾನಾಳಿಗೂ ನಗು ಬಂತು. ಆದರೆ ನಗುವಿನಿಂದ ಬಾಗಿಲು ತೆರೆಯುವುದಿಲ್ಲವಲ್ಲ. ಆ ಎದೆಬಡಿತ ನಿಮ್ಮತ್ತೆಯದೇ ಎಂದು ನೀವು ಹೇಳುತ್ತೀರಿ, ಯಂತ್ರಕ್ಕೆ ಅದು ಹೇಗೆ ಗೊತ್ತಾಗಬೇಕು ಎಂದಳು. ಕಿಟಕಿಯಾಚೆ ಬಿಸಿಲು ಹಳದಿಗೆ ತಿರುಗಿತ್ತು. ಬಿಲ್ಲೆಯನ್ನು ಮೊಳೆಗೆ ತೂಗುಹಾಕಲಾದರೂ ಹೇಳೋಣ, ಗೋಡೆಯ ಗುರುತು ಸಿಕ್ಕರೂ ಸಿಗಬಹುದು ಎಂದು ಇಂದ್ರಾಣಿ ಕಚೇರಿಯ ಫೋನಿನಿಂದಲೇ ಕೇಂದ್ರದ ನಂಬರಿಗೆ ಕರೆ ಮಾಡಿದಳು. ಎಷ್ಟೋ ಹೊತ್ತಾದ ಮೇಲೆ ಆ ಕಡೆಯಿಂದ ಒಂದು ಪಿಸುಮಾತು ಬಂತು.

"ಯಾರು."

ಫರ್ಹಾನಾ ತಟ್ಟನೆ ನೆಟ್ಟಗಾದಳು. ಆ ಪಿಸುಮಾತು ಎರಡು ಕಡೆಯಿಂದ ಬಂದಿತ್ತು. ಫೋನಿನಿಂದ ಒಂದು, ಗೋಡೆಯ ಪರದೆಯಿಂದ ಒಂದು. ಮಲಗಿದ್ದ ಅಲೆಯಲ್ಲಿ ಒಂದು ಚಿಕ್ಕ ಉಬ್ಬು ಎದ್ದು ಇಳಿದಿತ್ತು. ಅವಳು ಕಾಗದದ ಮೇಲೆ ಗಡಿಬಿಡಿಯಲ್ಲಿ ಗೀಚಿ ಇಂದ್ರಾಣಿಯ ಮುಂದೆ ಹಿಡಿದಳು: ಮಾತಾಡಿಸುತ್ತಲೇ ಇರಿ. ಕೇಂದ್ರದ ನೋಂದಾಯಿತ ಫೋನು ಒಂದು ದಾರಿ, ಸಾಕ್ಷಿ ಇನ್ನೊಂದು ದಾರಿ; ಎರಡರಲ್ಲೂ ಒಂದೇ ಘಳಿಗೆಗೆ ಒಂದೇ ಸದ್ದು ಸಾಕಷ್ಟು ಹೊತ್ತು ಬಂದರೆ ಎರಡೂ ಒಂದೇ ಕೈಯಲ್ಲಿವೆ ಎಂದು ಯಂತ್ರ ಒಪ್ಪುತ್ತದೆ. ಮೌನಕ್ಕೂ ಸಮಜಾಯಿಷಿ ಬರೆಯಬಹುದು.

ಇಂದ್ರಾಣಿ, ಅತ್ತೆ, ನಾನು ಇಂದ್ರಾಣಿ ಅಂದಳು.

ಆ ಕಡೆ ಸಿಳ್ಳೆಯ ಉಸಿರು ಒಂದು ಸಲ ಬಂತು, ಹೋಯಿತು. ಪಿಸುಮಾತು ಇನ್ನೂ ತಗ್ಗಿತು. "ನನ್ ಸೊಸೆ ಹೇಳವ್ಳೆ, ಅವಳ ದನಿ ಕೇಳುದ್ರೂ ನಂಬಬ್ಯಾಡ ಅಂತ. ಹುಳ ಮಲ್ಗವೆ. ಮಡಗ್ತೀನಿ."

ಇಂದ್ರಾಣಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬೇಡಿಕೊಂಡಳು. ಅತ್ತೆ ಏನು ಬೇಕಾದರೂ ಕೇಳಲಿ, ತಾನು ಯಾರೆಂದು ಹೇಗೆ ಬೇಕಾದರೂ ಪರೀಕ್ಷೆ ಮಾಡಲಿ, ಇಡುವುದು ಮಾತ್ರ ಬೇಡ. ಮನೆಯ ಹಸುವಿನ ಹೆಸರು ಹೇಳಲೇ ಎಂದಳು. ಹಸುವಿನ ಹೆಸರು ಊರಿಗೇ ಗೊತ್ತು ಎಂದು ಉತ್ತರ ಬಂತು. ಗಂಡನ ಬೆನ್ನ ಮೇಲಿನ ಮಚ್ಚೆ ಎಂದಳು. ಅವನು ದಿನಾ ಕೆರೆಯಲ್ಲಿ ಈಜುತ್ತಾನೆ, ಅದನ್ನು ನೋಡದವರು ಯಾರು ಎಂದು ಮುದುಕಿ ಅದನ್ನೂ ತಳ್ಳಿಹಾಕಿದಳು. ಪರದೆಯ ಮೇಲೆ ಎರಡು ಅಲೆಗಳು ಅಕ್ಕಪಕ್ಕ ತೆವಳುತ್ತಿದ್ದವು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಫರ್ಹಾನಾ ಕೈಸನ್ನೆ ಮಾಡುತ್ತಿದ್ದಳು. ಆಗ ಹೊಂಬಾಳಮ್ಮ ಯೋಚನೆ ಮಾಡಿ ತಾನೇ ಒಂದು ಪ್ರಶ್ನೆ ತೆಗೆದಳು.

"ನೀನು ನನ್ ಸೊಸೆನೇ ಆಗಿದ್ರೆ ಹೇಳು. ನಾನಿಲ್ದಾಗ ನನ್ನ ಏನಂತ ಕರೀತೀಯೆ?"

ಇಂದ್ರಾಣಿ ಸುತ್ತ ನೋಡಿದಳು. ಕೋಣೆಯಲ್ಲಿ ಬೇರೆ ಮೇಜಿನವರೂ ಕೆಲಸ ಬಿಟ್ಟು ಇವಳನ್ನೇ ನೋಡುತ್ತಿದ್ದರು. ಆ ಹೆಸರು ಅವಳು ತನ್ನ ತಂಗಿಯೊಬ್ಬಳ ಹತ್ತಿರ, ಅದೂ ಹಿತ್ತಿಲ ಬಾಗಿಲಾಚೆ ನಿಂತು, ಆಡುತ್ತಿದ್ದದ್ದು. ಚಾಕಿ ಮನೆಯ ಹೊಸ್ತಿಲಲ್ಲಿ ದಿನಾ ನಿಂತು ಸೊಸೆಯ ಅಂಗೈ ಮೂಸಿ, ಇವತ್ತು ಒಗ್ಗರಣೆಗೆ ಏನು ಹಾಕಿದೆ, ತಲೆಗೆ ಯಾವ ಎಣ್ಣೆ, ಹೂವು ಯಾಕೆ ಎಂದು ವಿಚಾರಣೆ ಮಾಡಿ, ಒಪ್ಪಿಗೆಯಾದರೆ ಒಳಗೆ ಬಿಡುತ್ತಿದ್ದ ಅತ್ತೆಗೆ ಅವಳು ಮದುವೆಯಾದ ಹೊಸದರಲ್ಲಿ ಇಟ್ಟ ಹೆಸರು. ಹೆಸರು ಹೇಳಿದರೆ ಮನೆಯಲ್ಲಿ ತಲೆಯೆತ್ತುವುದು ಹೇಗೆ? ಹೇಳದಿದ್ದರೆ ಫೋನು ಹೋಯಿತು, ಹುಳು ಹೋದವು, ನಲವತ್ತು ಮನೆಯ ನಂಬಿಕೆಯೂ ಹೋಯಿತು.

"ಇನ್ಸ್‌ಪೆಕ್ಟ್ರು," ಅಂದಳು. ಮೆಲ್ಲಗೆ ಅಂದದ್ದು ತನಗೇ ಸಾಲದೆನಿಸಿ ಇನ್ನೊಂದು ಸಲ ಸ್ಪಷ್ಟವಾಗಿ ಹೇಳಿದಳು. "ಇನ್ಸ್‌ಪೆಕ್ಟ್ರು ಅಂತೀನಿ ಅತ್ತೆ. ತಪ್ಪಾಯ್ತು."

ಪರದೆಯ ಮೇಲೆ ಎದೆಬಡಿತ ಇದ್ದಕ್ಕಿದ್ದಂತೆ ಓಡತೊಡಗಿತು, ಉಸಿರು ಮುಗ್ಗರಿಸಿತು, ಕಂಬಳಿಯೊಳಗಿನಿಂದಲೂ ಫೋನಿನಿಂದಲೂ ಹುಂ ಹುಂ ಹುಂ ಎಂಬ ಅದುಮಿಟ್ಟ ಸದ್ದು ಬಿಟ್ಟುಬಿಟ್ಟು ಬಂತು. ಅಲೆ ಎದ್ದು ಕುಣಿಯಿತು. ಫರ್ಹಾನಾ ಗಾಬರಿಯಾಗಿ ಎದ್ದು ನಿಂತು, ಅಜ್ಜಿಗೆ ಏನೋ ಆಗುತ್ತಿದೆ, ಡಾಕ್ಟರಿಗೆ ಹೇಳಲೇ ಎಂದಳು.

"ನಗ್ತಾವ್ರೆ ಮೇಡಂ," ಅಂದಳು ಇಂದ್ರಾಣಿ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಹುಳ ಎದ್ದುಬಿಡ್ತಾವೆ ಅಂತ ಬಾಯಿ ಮುಚ್ಕೊಂಡು ನಗ್ತಾವ್ರೆ."

ನಗು ಬಹಳ ಹೊತ್ತು ನಡೆಯಿತು. ಮುದುಕಿಗೆ ಆ ಹೆಸರು ಮೊದಲೇ ಗೊತ್ತಿತ್ತು, ಹದಿನೆಂಟು ವರ್ಷದಿಂದ ನಗುವನ್ನು ಕೂಡಿಟ್ಟಿರಬೇಕು. ಎರಡು ದಾರಿಯ ಎರಡು ಅಲೆಗಳು ಆ ನಗುವಿನ ಏರಿಳಿತದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂತವು. ಪರದೆಯ ಕೆಂಪು ಹಳದಿಗೆ ತಿರುಗಿತು. ಇನ್ನು ಒಂದೇ ಒಂದು ಮೆಟ್ಟಿಲು ಬಾಕಿ, ಸಂಸ್ಥೆಯ ಜಾಗದಲ್ಲಿರುವವರು ಅದರ ಮಾಲೀಕರು ಯಾರೆಂದು ತಮ್ಮ ಬಾಯಿಂದ ಹೇಳಬೇಕು ಎಂದು ಫರ್ಹಾನಾ ಫೋನು ತೆಗೆದುಕೊಂಡಳು.

ಆ ಪ್ರಶ್ನೆ ಕೇಳುತ್ತಿದ್ದಂತೆ ಇಂದ್ರಾಣಿ ತಲೆ ತಗ್ಗಿಸಿದಳು. ಅರ್ಜಿಯಲ್ಲಿ ಇದ್ದದ್ದು ಅವಳ ಹೆಸರು ನಿಜ. ಆದರೆ ಆ ಮನೆಯಲ್ಲಿ ಚಾಕಿ ಶುರು ಮಾಡಿದವಳು ಹೊಂಬಾಳಮ್ಮ, ಹೆಸರು ಮಾಡಿದವಳು ಹೊಂಬಾಳಮ್ಮ, ಊರಿನವರು ಇವತ್ತಿಗೂ ಅನ್ನುವುದು ಹೊಂಬಾಳಮ್ಮನ ಹುಳು ಎಂದೇ. ಇಷ್ಟು ವರ್ಷದಲ್ಲಿ ಅತ್ತೆ ಒಂದು ದಿನವೂ ಇದು ನಿನ್ನದು ಎಂದವಳಲ್ಲ. ಈಗ ಆ ಹೆಸರನ್ನು ಬೇರೆ ಬಾಯಿಬಿಟ್ಟು ಹೇಳಿಯಾಗಿದೆ. ಮುದುಕಿ ನಾನೇ ಮಾಲೀಕಳು ಎಂದರೆ ಅದು ಸುಳ್ಳೂ ಆಗುವುದಿಲ್ಲ, ಬಾಗಿಲೂ ತೆರೆಯುವುದಿಲ್ಲ.

ನಗು ಇನ್ನೂ ಪೂರ್ತಿ ಆರಿರದ ಪಿಸುಮಾತು ಎರಡು ಕಡೆಯಿಂದ ಬಂತು.

"ಇನ್ಸ್‌ಪೆಕ್ಟ್ರು ನಾನು ಕಣವ್ವ. ಯಜಮಾನ್ರು ಅವಳೇ."

ಪರದೆ ಹಸಿರಾಯಿತು. ತಡೆದು ನಿಂತಿದ್ದ ಸಂದೇಶ ಇನ್ನೂ ಬೆಳಕಿರುವಾಗಲೇ ನಲವತ್ತು ಚಿಲ್ಲರೆ ಮನೆಗಳಿಗೆ ಹೊರಟುಹೋಯಿತು. ಇಂದ್ರಾಣಿ ನೋಡುತ್ತ ಕೂತಳು. ಫರ್ಹಾನಾ ಚಹಾ ತರಿಸಿದಳು. ಹೊನ್ನಿಗನದೊಡ್ಡಿಯ ಹೆಸರಿನ ಕೆಳಗೆ, ಜ್ವರದ ದಿನಗಳಲ್ಲಿ ಈ ಮನೆ ಸದ್ದು ಮಾಡುವುದಿಲ್ಲ, ಆಗ ಮೌನವೇ ಇಲ್ಲಿನ ಕೆಲಸ ಎಂದು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದು ಸೇರಿಸಿದಳು. ಇನ್ನು ಮುಂದೆ ಬಿಲ್ಲೆಯನ್ನು ಸೊಪ್ಪು ಹೆಚ್ಚುವ ಕೋಣೆಯ ಗೋಡೆಗೆ ಹಾಕಿ, ಅಜ್ಜಿಯ ಮಡಿಲಿಗೆ ಬೇಡ ಎಂದಳು. ಇಂಥ ಮನೆಗಳು ಇನ್ನೆಷ್ಟಿವೆಯೋ ಎಂದು ಅವಳು ಪಕ್ಕದ ಮೇಜಿನವರನ್ನು ಕೇಳುತ್ತಿದ್ದುದು ಬಾಗಿಲು ದಾಟುವಾಗ ಇಂದ್ರಾಣಿಗೆ ಕೇಳಿಸಿತು.

ಬಸ್ಸಿನಲ್ಲಿ ಕೂತಾಗ ಅವಳ ಸ್ವಂತ ಫೋನಿಗೆ ಚನ್ನಿಗಪ್ಪನ ಕರೆ ಬಂತು. ಮೆಸೇಜು ಬಂದಿದೆ, ಸಾಕ್ಷಿ ಗುರುತೂ ಇದೆ, ಬೆಳಿಗ್ಗೆ ಬರುತ್ತೇನೆ ಎಂದ. ಮಧ್ಯಾಹ್ನ ಯಾವಳೋ ಕಳ್ಳಿ ನಿನ್ನ ದನಿಯಲ್ಲೇ ಫೋನು ಮಾಡಿದ್ದಳು, ನಾನು ಸಿಕ್ಕಿಬೀಳಲಿಲ್ಲ, ಹುಷಾರಾಗಿರಕ್ಕ ಎಂದೂ ಹೇಳಿದ. ಇಂದ್ರಾಣಿ ಅವನ ಜಾಣತನವನ್ನು ಹೊಗಳಿ ಫೋನಿಟ್ಟಳು.

ಮಾರನೆಯ ದಿನ ಬೆಳಕು ಹರಿಯುವಾಗಲೇ ಅವಳು ಸ್ನಾನ ಮುಗಿಸಿ, ತಲೆಗೆ ಎಣ್ಣೆ ಹಚ್ಚದೆ, ಚಾಕಿ ಮನೆಯ ಹೊಸ್ತಿಲಲ್ಲಿ ಕಾಲು ತೊಳೆದು ನಿಂತಳು. ಅತ್ತೆ ಬಾಗಿಲು ತೆರೆದಳು. ಇಂದ್ರಾಣಿ ಅಭ್ಯಾಸಬಲದಿಂದ ಅಂಗೈ ಮುಂದೆ ಚಾಚಿದಳು. ಹೊಂಬಾಳಮ್ಮ ಮೂಸಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಜ್ವರ ಬಿಟ್ಟಿದೆಯೋ ಇಲ್ಲವೋ ಎಂದು ನೋಡಿ ಹೇಳುವವರು ಆ ಕಸುಬಿನಲ್ಲಿ ಮನೆಗೊಬ್ಬರೇ. ಒಂದಿಷ್ಟು ಹುಳು ಎದ್ದಿವೆ ಎಂದು ಆತುರಪಟ್ಟು ಸೊಪ್ಪು ಹಾಕಿದರೆ ಇನ್ನೂ ಮಲಗಿರುವವು ಹಿಂದೆ ಬೀಳುತ್ತವೆ. ತಡ ಮಾಡಿದರೆ ಎದ್ದವು ಸೊರಗುತ್ತವೆ. ಆ ಒಂದು ಮಾತನ್ನು ಯಾರು ಹೇಳುತ್ತಾರೋ ಅವರ ಮಾತಿಗೆ ಉಳಿದವರು ಸೊಪ್ಪಿನ ಬುಟ್ಟಿ ಎತ್ತಬೇಕು. ಈ ಮನೆಯಲ್ಲಿ ಆ ಮಾತು ಹೊಂಬಾಳಮ್ಮನ ಬಾಯಿಂದಲ್ಲದೆ ಬೇರೆಯವರಿಂದ ಯಾವತ್ತೂ ಬಂದದ್ದಿಲ್ಲ.

ಮುದುಕಿ ಸೊಪ್ಪಿನ ಬುಟ್ಟಿಯನ್ನು ತಾನೇ ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು.

"ನೋಡಿ ಹೇಳು ಮಗ," ಅಂದಳು.

ಇಂದ್ರಾಣಿ ತಟ್ಟೆಗಳ ಮೇಲೆ ಬಾಗಿದಳು. ಬಿಳಿಯ ಸುಣ್ಣದ ಪುಡಿಯ ಮೇಲೆ, ಕಳಚಿಬಿದ್ದ ಚರ್ಮಗಳ ನಡುವೆ, ಹೊಸ ತಲೆಗಳು ಅತ್ತ ಇತ್ತ ಹುಡುಕಾಡುತ್ತಿದ್ದವು. ಒಂದು ತಟ್ಟೆ ನೋಡಿದಳು, ಮೂಲೆಯ ತಟ್ಟೆಯನ್ನೂ ಎಳೆದು ನೋಡಿದಳು, ಅವಸರ ಮಾಡಲಿಲ್ಲ. ಹೊರಗೆ ರಸ್ತೆಯಲ್ಲಿ ಮೊದಲ ಗಾಡಿ ಬಂದು ನಿಂತ ಸದ್ದಾಯಿತು.

"ಎದ್ದವೆ ಅತ್ತೆ," ಅಂದಳು. "ಹಾಕಿ."

ಹೊಂಬಾಳಮ್ಮ ಸೊಪ್ಪು ಉದುರಿಸತೊಡಗಿದಳು.